ಹಿಂದಕ್ಕೆ ಹೋಗುವ ದೋಣಿ

ಮೀನು ಹಿಡಿಯಲು ಒಬ್ಬರೇ ಕೂರುವ ಈ ಗಾಳಿಚೀಲದ ದೋಣಿ ಹೋಗುವುದು ಹಿಂದಕ್ಕೆ. ಕಾಲಿಗೆ ಬಾತುಕೋಳಿ ಪಾದದ ಥರದ ರಬ್ಬರ್ ಫಿನ್ಸ್ ಕಟ್ಟಿಕೊಂಡು ಒದ್ದರೂ ಅಷ್ಟೇ, ಹುಟ್ಟು ಎಳೆದರೂ ಅಷ್ಟೇ. ನಮ್ಮ ಬೆನ್ನು ಯಾವ ಕಡೆಗಿದೆಯೋ ಆ ಕಡೆಗೆ ಸಾಗುತ್ತದೆ. ಹುಟ್ಟನ್ನು ಎಳೆಯುವ ಬದಲು ತಳ್ಳಿದರೆ ಮುಂದಕ್ಕೂ ಹೋಗುತ್ತದೆ, ಆದರೆ ಹತ್ತು ನಿಮಿಷಕ್ಕೆ ತೋಳು ಬಿದ್ದುಹೋಗುತ್ತವೆ. ಹಾಗಾಗಿ ನೀರಿಗಿಳಿದವರಿಗೆ ಕಾಣುವುದು ಹೋಗುವ ಜಾಗವಲ್ಲ, ಬಿಟ್ಟು ಬಂದ ದಡ. ಆ ಶನಿವಾರ ಬೆಳಿಗ್ಗೆ ದಡದಲ್ಲಿ ನನ್ನ ಅಪ್ಪ ನಿಂತಿದ್ದ. ತಲೆಗೆ ಮಂಕಿ ಕ್ಯಾಪು, ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಕಾಫಿ ಫ್ಲಾಸ್ಕು. ನಾನು ಒದ್ದಷ್ಟೂ ಅವನು ಸಣ್ಣಗಾಗುತ್ತಾ ಹೋದ.

ಜಾಗ ಅಮೆರಿಕದ ವಾಷಿಂಗ್ಟನ್ ರಾಜ್ಯದ ಡ್ರೈ ಫಾಲ್ಸ್ ಲೇಕ್. ಸಿಯಾಟಲ್ ಕಡೆಯ ನಮ್ಮ ಮನೆಯಿಂದ ಕಾರಿನಲ್ಲಿ ಮೂರು ಗಂಟೆಗಿಂತ ಸ್ವಲ್ಪ ಜಾಸ್ತಿ. ಸ್ನೋಕ್ವಾಲ್ಮಿ ಘಾಟಿ ದಾಟುವವರೆಗೂ ಮಳೆ, ಹಸಿರು. ದಾಟಿದ ಮೇಲೆ ಬೇರೆ ದೇಶಕ್ಕೆ ಬಂದ ಹಾಗೆ. ವ್ಯಾಂಟೇಜ್ ಹತ್ತಿರ ಕೊಲಂಬಿಯಾ ನದಿ ದಾಟಿದರೆ ಮರವೇ ಇಲ್ಲ. ಮಂಡಿಯೆತ್ತರದ ಬೂದು ಪೊದೆ, ಕಪ್ಪು ಬಂಡೆ, ಒಣ ಗಾಳಿ. ಅಪ್ಪ ಅಲ್ಲಿಯವರೆಗೆ ನಿದ್ದೆ ಮಾಡುತ್ತಿದ್ದವನು ಎದ್ದು ಕೂತ. "ಈಗ ನೋಡು, ಊರಿನ ಕಡೆ ಬಂದಂಗಾತು," ಅಂದ.

ನಮ್ಮೂರು ಹರಿಹರದ ಹತ್ತಿರ, ತುಂಗಭದ್ರೆಯ ದಡದಲ್ಲಿ. ಅಪ್ಪ ಚಿಕ್ಕಂದಿನಿಂದ ಹರಿಗೋಲು ನಡೆಸಿದವನು. ಬಲೆ, ಗಾಳ ಎರಡೂ ಗೊತ್ತು. ಅಣ್ಣನನ್ನು ಹರಿಗೋಲಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದ, ನನ್ನನ್ನಲ್ಲ. ಅಣ್ಣನಿಗೆ ಮೀನಿನ ವಾಸನೆ ಕಂಡರೇ ಆಗುತ್ತಿರಲಿಲ್ಲ, ಆ ಮಾತು ಬೇರೆ. ನಾನು ಗಾಳ ಹಾಕುವುದು ಕಲಿತದ್ದು ಮೂವತ್ತೈದು ದಾಟಿದ ಮೇಲೆ, ಇಲ್ಲಿ, ಯೂಟ್ಯೂಬ್ ನೋಡಿ.

ಶುಕ್ರವಾರದ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಕಾರಿನಿಂದ ಸಾಮಾನು ಇಳಿಸುವುದರಲ್ಲೇ ಹೊತ್ತು ಮುಗಿಯಿತು. ಹೆದ್ದಾರಿ 17ರ ಪಕ್ಕದ ವ್ಯೂ ಪಾಯಿಂಟಿನಲ್ಲಿ ಮಾತ್ರ ಅರ್ಧ ಗಂಟೆ ನಿಂತಿದ್ದೆವು. ಕೆಳಗೆ ಅರ್ಧಚಂದ್ರದ ಹಾಗೆ ಬಾಗಿದ ಕಪ್ಪು ಬಂಡೆಗೋಡೆ. ಎತ್ತರ ಸುಮಾರು 120 ಮೀಟರ್, ಅಗಲ 5 ಕಿಲೋಮೀಟರಿಗೂ ಹೆಚ್ಚು. ಹಿಮಯುಗದಲ್ಲಿ ಮೊಂಟಾನಾ ಕಡೆ ಮಂಜುಗಡ್ಡೆಯೇ ಅಣೆಕಟ್ಟಾಗಿ ನಿಂತು, ಹಿಂದೆ ದೊಡ್ಡ ಸರೋವರ ಕಟ್ಟಿಕೊಂಡಿತ್ತು. ಆ ಕಟ್ಟೆ ಮತ್ತೆ ಮತ್ತೆ ಒಡೆದಾಗ ನುಗ್ಗಿದ ನೀರು ಇಲ್ಲಿ ಧುಮುಕಿತು. ಈಗ ನೀರಿಲ್ಲ, ಗೋಡೆ ಇದೆ. ಬುಡದಲ್ಲಿ ನೀರು ಬಿದ್ದು ಕೊರೆದ ಗುಂಡಿಗಳೇ ಈಗಿನ ಕೆರೆಗಳು. ಜೆ ಹಾರ್ಲೆನ್ ಬ್ರೆಟ್ಜ್ ಎಂಬ ಭೂವಿಜ್ಞಾನಿ 1923ರಲ್ಲಿ ಇದೆಲ್ಲ ಒಂದು ಮಹಾಪ್ರವಾಹದ ಕೆಲಸ ಎಂದು ಬರೆದಾಗ ಉಳಿದ ವಿಜ್ಞಾನಿಗಳು ನಂಬಲಿಲ್ಲ. 1979ರಲ್ಲಿ ಅವರಿಗೆ ಭೂವಿಜ್ಞಾನದ ದೊಡ್ಡ ಗೌರವವಾದ ಪೆನ್‌ರೋಸ್ ಪದಕ ಸಿಕ್ಕಿತು. ಆಗ ವಯಸ್ಸು 90 ದಾಟಿತ್ತು.

"ಪುಣ್ಯಾತ್ಮ, ಅಲ್ಲಿವರೆಗೆ ಬದುಕಿದ್ನಲ್ಲ," ಅಂದ ಅಪ್ಪ. ಆಮೇಲೆ ಗೋಡೆಯನ್ನು ಮತ್ತೊಮ್ಮೆ ನೋಡಿ, "ಜೋಗ ಇದರ ಎರಡರಷ್ಟು ಎತ್ತರ ಐತಿ. ನೀರಿಲ್ಲದ ಜಲಪಾತ ನೋಡೋಕೆ ಇಲ್ಲಿಗ್ಯಾಕೆ ಬರಬೇಕಿತ್ತು? ಏಪ್ರಿಲ್‌ನಾಗ ಜೋಗಕ್ಕೇ ಹೋಗಬಹುದಿತ್ತು," ಅಂದ. ಪಕ್ಕದಲ್ಲಿದ್ದ ಅಮೆರಿಕನ್ ದಂಪತಿ ನಾನು ನಕ್ಕಿದ್ದು ಯಾಕೆಂದು ತಿಳಿಯದೆ ತಾವೂ ನಕ್ಕರು.

ಇನ್ನು ದೋಣಿ. ಪೊಂಟೂನ್ ಬೋಟ್ ಅಂತಾರೆ. ಬಾಳೆಕಾಯಿಯ ಹಾಗೆ ತುದಿ ಮೇಲೆದ್ದ ಎರಡು ಗಾಳಿಚೀಲ, ಒಂದೊಂದೂ ಎಂಟು ಅಡಿ ಉದ್ದ. ಎರಡರ ಮಧ್ಯೆ ಕಬ್ಬಿಣದ ಚೌಕಟ್ಟು, ಅದರ ಮೇಲೆ ಒಂದೇ ಒಂದು ಕುರ್ಚಿ. ಕಾಲು ನೀರಿನಲ್ಲಿ ಇಳಿಬಿದ್ದಿರುತ್ತವೆ. ಎದೆವರೆಗೂ ಬರುವ, ನೀರು ಹೋಗದ ಪ್ಯಾಂಟು ಹಾಕಿಕೊಳ್ಳಬೇಕು, ಇಲ್ಲದಿದ್ದರೆ ಮೇ ತಿಂಗಳಲ್ಲೂ ಕಾಲು ಮರಗಟ್ಟುತ್ತದೆ. ಬಿಚ್ಚಿದರೆ ಕಾರಿನ ಡಿಕ್ಕಿಯಲ್ಲಿ ಹಿಡಿಯುತ್ತದೆ. ದೊಡ್ಡ ದೋಣಿ ಇಳಿಸಲಾಗದ ಸಣ್ಣ ಕೆರೆಗಳಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಮೋಟಾರ್ ಬೋಟಿನವರು ನಮ್ಮನ್ನು ನೋಡಿ ನಗುತ್ತಾರೆ. ನಗಲಿ. ಪೆಟ್ರೋಲ್ ವಾಸನೆಯಲ್ಲಿ ಕೂತು ಮೀನು ಹಿಡಿಯುವುದರಲ್ಲಿ ಏನು ಸುಖವೋ ನನಗೆ ಗೊತ್ತಿಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಇನ್ನೂ ಹೊಟ್ಟೆ ಉರಿಯುತ್ತದೆ. ಹೋದ ವರ್ಷ ದೋಣಿ ಕೊಂಡಾಗ ಅಂಗಡಿಯವನು, "ಗಾಳಿ ಗಟ್ಟಿಯಾಗಿ ತುಂಬಿ, ತಟ್ಟಿದರೆ ಡೋಲಿನ ಹಾಗೆ ಸದ್ದು ಬರಬೇಕು," ಅಂದಿದ್ದ. ಬೆಳಗಿನ ಚಳಿಯಲ್ಲಿ ಹಾಗೇ ತುಂಬಿದೆ. ಮಧ್ಯಾಹ್ನ ಊಟಕ್ಕೆಂದು ದಡಕ್ಕೆ ಬಂದು ದೋಣಿಯನ್ನು ಬಿಸಿಲಿನ ಬಂಡೆ ಮೇಲೆ ಎಳೆದಿಟ್ಟೆ. ಬ್ರೆಡ್ಡಿಗೆ ಚಟ್ನಿಪುಡಿ ಹಾಕಿಕೊಳ್ಳುತ್ತಿದ್ದೆ, ಢಬ್ ಅಂತು. ಒಳಗಿನ ಟ್ಯೂಬು ಹೋಗಿತ್ತು. "ಜಾಸ್ತಿ ಗಾಳಿ ತುಂಬಿದ್ದು ನಿಮ್ಮ ತಪ್ಪು," ಅಂದ ಅದೇ ಅಂಗಡಿಯವನು. ಹೊಸ ಟ್ಯೂಬು ಬರಲು ಮೂರು ವಾರ ಹಿಡಿಯಿತು. ಆದ್ದರಿಂದ ಕೇಳಿ: ದೋಣಿ ನೀರಿಗಿಳಿದು ಹತ್ತು ನಿಮಿಷವಾದ ಮೇಲೆ ತಣ್ಣೀರಿಗೆ ಚೀಲ ಮೆತ್ತಗಾಗುತ್ತದೆ, ಆಗ ನಾಲ್ಕು ಪಂಪು ಜಾಸ್ತಿ ಹೊಡೆಯಿರಿ. ದಡಕ್ಕೆ ಬಂದ ಕೂಡಲೇ ಸ್ವಲ್ಪ ಗಾಳಿ ಬಿಡಿ. ಹೆಬ್ಬೆರಳಿನಿಂದ ಒತ್ತಿದರೆ ಕೊಂಚ ತಗ್ಗಬೇಕು. ಡೋಲು ಬೇಡ.

ಶನಿವಾರ ಬೆಳಿಗ್ಗೆ ಕೆರೆ ಕನ್ನಡಿಯ ಹಾಗಿತ್ತು. ನನ್ನಂಥವರೇ ಆರೇಳು ಜನ ಅಲ್ಲಲ್ಲಿ ಲಂಗರು ಹಾಕಿ ಕೂತಿದ್ದರು. ಈ ಕೆರೆಯಲ್ಲಿ ಎರೆಹುಳ ಹಾಕುವ ಹಾಗಿಲ್ಲ. ಕೃತಕ ಹುಳ, ಒಂದೇ ಗಾಳ, ಗಾಳಕ್ಕೆ ಒಳಮುಳ್ಳು ಇರಬಾರದು. ನೀರಿನ ತಳದಿಂದ ನೊರಜಿನ ಮರಿಗಳು ಮೇಲೆದ್ದು ಬರುವ ಕಾಲ ಅದು. ಅವುಗಳ ಹಾಗೇ ಕಾಣುವ, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಹುಳವನ್ನು ದಾರಕ್ಕೆ ಕಟ್ಟಿ, ಮೇಲೆ ಬೆಂಡು ಹಾಕಿ, ತಳದಿಂದ ಒಂದಡಿ ಮೇಲೆ ನಿಲ್ಲುವಂತೆ ಇಳಿಬಿಡಬೇಕು. ಆಳ ನೋಡಲು ಗಾಳಕ್ಕೆ ಒಂದು ಚಿಕ್ಕ ಇಕ್ಕಳ ಕಚ್ಚಿಸಿ ಇಳಿಸುವುದು, ತಳ ಮುಟ್ಟಿದಾಗ ಬೆಂಡನ್ನು ಸರಿಮಾಡುವುದು. ಆಮೇಲೆ ಸುಮ್ನೆ ಬೆಂಡು ನೋಡುತ್ತಾ ಕೂರುವುದು. ಎರಡು ಗಂಟೆಯಲ್ಲಿ ಮೂರು ರೇನ್‌ಬೋ ಟ್ರೌಟ್ ಸಿಕ್ಕವು. ಮೂರನೆಯದು ಮೊಳದುದ್ದ. ಮೂರನ್ನೂ ನೀರಿನಲ್ಲೇ ಗಾಳ ಬಿಡಿಸಿ ಕಳಿಸಿದೆ.

ಹನ್ನೊಂದು ಗಂಟೆಗೆ ಗಾಳಿ ಎದ್ದಿತು. ಉಳಿದವರು ಹತ್ತೂವರೆಗೇ ಲಂಗರು ಎತ್ತಿ ಹೋಗಿದ್ದರು. ನನಗೆ ನಾಲ್ಕನೆಯ ಮೀನಿನ ಆಸೆ. ಲಂಗರು ಎತ್ತಿದ್ದೇ ತಡ, ದೋಣಿ ಎಲೆಯ ಹಾಗೆ ಕೆರೆಯ ಆಚೆ ತುದಿಗೆ ಹೊರಟಿತು. ನೀರಿನ ಮೇಲೆ ತೇಲುವ ಭಾಗವೇ ಜಾಸ್ತಿ, ನೀರೊಳಗೆ ಇರುವುದು ಕಡಿಮೆ. ಹಾಗಾಗಿ ಗಾಳಿ ಹೇಳಿದ ಹಾಗೆ ಕೇಳುತ್ತದೆ. ದಡದ ಕಡೆ ಬೆನ್ನು ಹಾಕಿ ಹುಟ್ಟು ಎಳೆದೆ. ಹತ್ತು ಸಲ ಎಳೆದರೆ ಒಂದು ಮಾರು. ಉಸಿರು ತೆಗೆದುಕೊಳ್ಳಲು ನಿಲ್ಲಿಸಿದರೆ ಎರಡು ಮಾರು ವಾಪಸ್.

ಆಗ ಅಪ್ಪನ ದನಿ ಕೇಳಿಸಿತು. ಗಾಳಿ ಅವನ ಕಡೆಯಿಂದ ನನ್ನ ಕಡೆಗೆ ಬೀಸುತ್ತಿತ್ತಲ್ಲ, ಪ್ರತಿ ಮಾತೂ ಪಕ್ಕದಲ್ಲೇ ನಿಂತು ಆಡಿದಷ್ಟು ಸ್ಪಷ್ಟ.

"ಎದುರಿಗೆ ಬರಬ್ಯಾಡ! ದಡ ಹಿಡಿ!"

"ಯಾವ ದಡ?" ಅಂತ ಕೂಗಿದೆ. ನನ್ನ ಮಾತನ್ನು ಗಾಳಿ ಹಿಂದಕ್ಕೆ ಹೊತ್ತುಕೊಂಡು ಹೋಯಿತು. ಅವನಿಗೆ ಕೇಳಿಸಲೇ ಇಲ್ಲ. ನಾನು ಚಿಕ್ಕವಳಿದ್ದಾಗ ನಮ್ಮ ಮನೆಯ ಮಾತುಕತೆ ಹೆಚ್ಚುಕಡಿಮೆ ಹೀಗೇ ಇರುತ್ತಿತ್ತು.

"ಬಂಡೆ ಕಡೆ! ಎಡಕ್ಕೆ! ನನ್ನ ಟವೆಲ್ಲು ನೋಡು, ಆ ಕಡೆ!"

ಕತ್ತು ತಿರುಗಿಸಿ ನೋಡಿದೆ. ಟವೆಲ್ಲನ್ನು ಒಂದೇ ಕಡೆಗೆ ಬೀಸುತ್ತಿದ್ದ. ಬಂಡೆಗೋಡೆಯ ಬುಡದಲ್ಲಿ, ಆಪು ಬೆಳೆದ ಕಡೆ, ನೀರಿನ ಮೇಲೆ ಸುಕ್ಕೇ ಇರಲಿಲ್ಲ. ನಾನು ಆ ಕೆರೆಗೆ ಬಂದದ್ದು ಐದನೆಯ ಸಲ. ಅಲ್ಲಿ ಗಾಳಿ ತಾಗುವುದಿಲ್ಲವೆಂದು ನನಗೆ ಹೊಳೆದಿರಲಿಲ್ಲ. ಅಪ್ಪ ಆ ದಡಕ್ಕೆ ಬಂದು ನಿಂತು ಮೂರು ಗಂಟೆಯಾಗಿತ್ತು, ಅಷ್ಟೇ.

"ಓರೆ ಹೋಗು... ಹಾಂ... ಈಗ ಸಣ್ಣಗೆ ಎಳಿ. ಜೋರು ಬ್ಯಾಡ. ನಿಲ್ಲಿಸಬ್ಯಾಡ. ಸಣ್ಣಗೆ."

ಗಾಳಿಗೆ ಓರೆಯಾಗಿ ಬಂಡೆಯ ಬುಡ ಸೇರಿದೆ. ಆಪನ್ನು ಸವರಿಕೊಂಡು ಇಂಚಿಂಚೇ ಬಂದೆ. ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟೂ ಹೊತ್ತು ಅವನ ಕಡೆ ನನ್ನ ಬೆನ್ನು, ಮುಖ ನೋಡುವ ಹಾಗಿಲ್ಲ. "ಸಣ್ಣಗೆ, ಸಣ್ಣಗೆ" ಎಂಬ ದನಿ ಮಾತ್ರ ಬೆನ್ನಿಗೆ ತಾಗುತ್ತಿತ್ತು. ದಡ ಮುಟ್ಟಿದಾಗ ಅವನ ಗಂಟಲು ಕಟ್ಟಿಹೋಗಿತ್ತು. ಫ್ಲಾಸ್ಕಿನ ಕಾಫಿ ನನಗೇ ಕೊಟ್ಟ.

ರಾತ್ರಿ ಟೆಂಟಿನ ಮುಂದೆ ಸ್ಟೌ ಹಚ್ಚಿ ಮ್ಯಾಗಿ ಮಾಡುವಾಗ ಕಟ್ಟಿದ ಗಂಟಲಲ್ಲೇ ಕೇಳಿದ, "ಎಷ್ಟು ಸಿಕ್ವು?"

"ಮೂರು."

"ಎಲ್ಲಿ?"

"ಬಿಟ್ಟೆ."

"ಬಿಟ್ಟಿ? ಯಾಕ? ಸಣ್ಣವಿದ್ವಾ?"

"ಇಲ್ಲ ಅಪ್ಪ, ದೊಡ್ಡವೇ. ಇಲ್ಲಿ ಹಾಗೇ. ಹಿಡಿದು ಬಿಡೋದು. ಮೀನಿಗೆ ಏನೂ ಆಗಲ್ಲ."

ಅವನು ಸ್ವಲ್ಪ ಹೊತ್ತು ಮ್ಯಾಗಿ ತಿಂದ. "ಏನೂ ಆಗಲ್ಲ ಅಂತ ಮೀನು ಹೇಳ್ತಾ?"

ನಾನು ಉತ್ತರ ಕೊಡಲಿಲ್ಲ.

"ಹೊಟ್ಟಿಗೆ ಅಂತ ಹಿಡಿದ್ರೆ ಅದು ಬ್ಯಾಟಿ. ಹಿಡಿದು ಬಿಟ್ರೆ ಅದು ಕಾಟ ಕೊಟ್ಟಂಗ ಅವ್ವಾ. ನಾವು ಗೆಂಡೆ ಹಿಡಿದ್ವಿ, ಬಾಳೆ ಹಿಡಿದ್ವಿ, ಎಲ್ಲಾ ತಿಂದ್ವಿ. ಸುಮ್ನೆ ಬಾಯಿ ಚುಚ್ಚಿ ಹೋಗು ಅನ್ನಲಿಲ್ಲ."

ದಿನಕ್ಕೆ ಒಂದು ಟ್ರೌಟ್ ಇಟ್ಟುಕೊಳ್ಳಬಹುದು ಎಂದು ಹೇಳಿದೆ. ಬಿಟ್ಟರೆ ಮೀನು ಉಳಿಯುತ್ತದೆ, ಮುಂದೆ ಬರುವವರಿಗೂ ಸಿಗುತ್ತದೆ ಎಂದೂ ಹೇಳಿದೆ. ಅದೂ ಸುಳ್ಳಲ್ಲ. ಅವನು ತಲೆಯಾಡಿಸಿದ, ಒಪ್ಪಿದ ಹಾಗಲ್ಲ. "ಹಂಗಾದ್ರೆ ಆ ಒಂದು ಎಲ್ಲಿ?" ಅಂದ.

ಭಾನುವಾರ ಬೆಳಕು ಹರಿಯುವ ಮೊದಲೇ ಇಳಿದೆ. ಎಂಟು ಗಂಟೆಗೆ ಆ ಒಂದನ್ನು ತಂದೆ. ಅಪ್ಪ ಚಾಕು ತೊಗೊಂಡು ಎರಡು ನಿಮಿಷದಲ್ಲಿ ಹಸನು ಮಾಡಿದ. ಖಾರದಪುಡಿ, ಉಪ್ಪು, ನಿಂಬೆಹುಳಿ ಹಚ್ಚಿ ತವದ ಮೇಲೆ ಹುರಿದೆವು. "ಮುಳ್ಳು ಕಡಿಮೆ. ರುಚಿನೂ ಕಡಿಮೆ," ಅಂದ. ನನಗೂ ನಿಜ ಹೇಳಬೇಕೆಂದರೆ ಜಿಲೇಬಿ ಮೀನೇ ಇಷ್ಟ.

ಆಮೇಲೆ ಅವನೇ ಕೇಳಿದ, "ನಾನೊಂದು ಸಲ ಕೂರಲಾ?"

ಗಾಳ ಹಾಕಲು ಲೈಸೆನ್ಸ್ ಬೇಕು, ಅವನ ಹತ್ತಿರ ಇರಲಿಲ್ಲ. ಸುಮ್ನೆ ದೋಣಿ ನಡೆಸಲು ಅಡ್ಡಿಯಿಲ್ಲ. ಲೈಫ್ ಜಾಕೆಟ್ ಹಾಕಿಸಲು ಜಗಳವೇ ಆಯಿತು. "ಹೊಳೆಯಾಗ ಹುಟ್ಟಿದವನಿಗೆ ಇದ್ಯಾಕ?" ಎಂಬುದು ಅವನ ವಾದ. ಕೊನೆಗೆ ಹಾಕಿಕೊಂಡ, ಮಂಕಿ ಕ್ಯಾಪಿನ ಮೇಲೆ ಟವೆಲ್ಲು ಸುತ್ತಿ ಕೂತ.

ಇಪ್ಪತ್ತು ಮಾರು ಹೋದ ಮೇಲೆ ಕೊಂಡಿಯಿಂದ ಒಂದು ಹುಟ್ಟು ಬಿಚ್ಚಿ, ಹರಿಗೋಲಿನಲ್ಲಿ ಮಾಡುವ ಹಾಗೆ ಮುಂದೆ ಬಗ್ಗಿ ನೀರು ಎಳೆಯಲು ನೋಡಿದ. ದೋಣಿ ಮೂತಿಯನ್ನು ಅತ್ತ ಇತ್ತ ಆಡಿಸಿತೇ ಹೊರತು ಹರಿಗೋಲಿನ ಹಾಗೆ ಗಿರ್ರನೆ ತಿರುಗಲಿಲ್ಲ.

"ಇದು ತಿರುಗಂಗೇ ಇಲ್ಲಲ್ಲೇ!" ಎಂದು ಕೂಗಿದ. ಗಾಳಿ ಇರಲಿಲ್ಲ. ಇಬ್ಬರ ಮಾತೂ ಇಬ್ಬರಿಗೂ ಕೇಳಿಸುತ್ತಿತ್ತು.

"ಎರಡೂ ಹುಟ್ಟು ಹಾಕು ಅಪ್ಪಾ! ಸಣ್ಣಗೆ ಎಳಿ!"

ಹುಟ್ಟನ್ನು ಕೊಂಡಿಗೆ ಸಿಕ್ಕಿಸಿದ. ಬಂಡೆಗೋಡೆಯ ಕಡೆಗೆ ಬೆನ್ನು ಮಾಡಿ, ನನ್ನನ್ನೇ ನೋಡುತ್ತಾ ಹಿಂದಕ್ಕೆ ಹೋದ. ಅವನಿಗೂ ನಾನು ಸಣ್ಣಗಾಗಿ ಕಂಡಿರಬೇಕು, ಅಲ್ವಾ? ಒಮ್ಮೆ ಕೈಯೆತ್ತಿದ. ನಾನೂ ಎತ್ತಿದೆ.

ಹೇಳಿದ್ದು ಹತ್ತು ನಿಮಿಷ, ಬಂದದ್ದು ಒಂದು ಗಂಟೆ ಬಿಟ್ಟು. ಬಿಸಿಲು ಏರಿತ್ತು. ಇಳಿದವನೇ ಚೀಲವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ.

"ಗಾಳಿ ಬಿಡು," ಅಂದ. "ಒಡದೀತು."