ಗಟ್ಟಿ ಕಾಲು ಮೊದಲು

ಮೈಸೂರಿನ ಆಸ್ಪತ್ರೆಯಲ್ಲಿ ಅತ್ತೆಯ ಬಲತೊಡೆಗೆ ರಾಡ್ ಹಾಕಿದ ಮರುದಿನ ಬೆಳಿಗ್ಗೆಯೇ ಫಿಸಿಯೋಥೆರಪಿಸ್ಟ್ ವಾಕರ್ ಹಿಡಿದು ಬಂದು, "ಅಮ್ಮ, ಏಳೋಣವೇ?" ಎಂದರು. ಬೇಡವೆಂದು ಅಡ್ಡ ನಿಂತವಳು ನಾನು. "ನಿನ್ನೆ ತಾನೇ ಆಪರೇಷನ್ ಆಗಿದೆ, ಎರಡು ದಿನ ಮಲಗಿರಲಿ" ಎಂದೆ. ಮಂಡ್ಯದಿಂದ ಬೆಳಗಿನ ರೈಲಿಗೆ ಬಂದಿದ್ದ ನಾದಿನಿಯೂ ಅದನ್ನೇ ಹೇಳಿದಳು. ಕಾಯಿಲೆಯವರನ್ನು ಹಾಸಿಗೆ ಬಿಟ್ಟು ಏಳಗೊಡದಿರುವುದೇ ನಮ್ಮ ಕಡೆ ಪ್ರೀತಿ.

ಆ ಹುಡುಗ ಬೇಸರಪಡಲಿಲ್ಲ. ಮಲಗಿದಷ್ಟೂ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚು, ಕ್ಯಾನ್ಸರ್ ಇರುವವರಿಗೆ ಇನ್ನೂ ಹೆಚ್ಚು, ಎದೆಯಲ್ಲಿ ಕಫ ಕಟ್ಟುತ್ತದೆ, ಬೆನ್ನಿನಲ್ಲಿ ಹುಣ್ಣಾಗುತ್ತದೆ, ತೊಡೆಯ ಮಾಂಸಖಂಡ ಕರಗುತ್ತದೆ ಎಂದು ಬಿಡಿಸಿ ಹೇಳಿದರು. ನಾನು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಮಂಚದ ಅಂಚಿಗೆ ಜರುಗಿಯಾಗಿತ್ತು.

ಅವರಿಗೆ ಸ್ತನ ಕ್ಯಾನ್ಸರ್ ಆಗಿ ನಾಲ್ಕು ವರ್ಷವಾಗಿತ್ತು. ವಾಸಿಯಾಯಿತೆಂದೇ ನಂಬಿದ್ದೆವು. ಯುಗಾದಿ ಕಳೆದ ಮೇಲೆ ತೊಡೆನೋವು ಶುರುವಾದಾಗ, ಕಬ್ಬಿನ ಗದ್ದೆಯಲ್ಲಿ ಬಗ್ಗಿ ದುಡಿದದ್ದಕ್ಕೆ ಎಂದುಕೊಂಡೆವು. ಹತ್ತಿರದ ಕ್ಲಿನಿಕ್ಕಿನಲ್ಲಿ ನರ ಹಿಡಿದಿದೆ ಎಂದು ಎರಡು ತಿಂಗಳು ಮಾತ್ರೆ ಕೊಟ್ಟರು. ಹಳೆಯ ಕಾಯಿಲೆಯನ್ನು ಅವರು ಕೇಳಲಿಲ್ಲ, ನಾವು ಹೇಳಲಿಲ್ಲ. ಹೆಜ್ಜೆ ಊರಿದರೆ ನೋವು, ರಾತ್ರಿ ಮಲಗಿದರೂ ನೋವು. ನಾನು ಎಣ್ಣೆ ಬೆಚ್ಚಗೆ ಮಾಡಿ ಬಲವಾಗಿ ತಿಕ್ಕುತ್ತಿದ್ದೆ. ನನ್ನ ಬೆರಳಿನ ಕೆಳಗೇ ಮೂಳೆ ಟೊಳ್ಳಾಗುತ್ತಿತ್ತು. ನೆನೆದರೆ ಈಗಲೂ ಕೈ ನಡುಗುತ್ತದೆ. ಕ್ಯಾನ್ಸರ್ ಬಂದುಹೋದವರಿಗೆ ಇಂಥ ನೋವು ಬಂದರೆ ತಿಕ್ಕಬೇಡಿ, ಮೊದಲು ಎಕ್ಸ್‌ರೇ ತೆಗೆಸಿ.

ಸ್ತನ, ಶ್ವಾಸಕೋಶ, ಪ್ರಾಸ್ಟೇಟ್, ಮೂತ್ರಪಿಂಡ, ಥೈರಾಯ್ಡ್ ಕ್ಯಾನ್ಸರುಗಳು ಹೆಚ್ಚಾಗಿ ಮೂಳೆಗೆ ಹರಡುತ್ತವೆ ಎಂದು ಮೈಸೂರಿನ ಮೂಳೆ ವೈದ್ಯರು ಹೇಳಿದರು. ಹಾಗೆ ಹರಡಿದ ಮೂಳೆ ಮುರಿಯುವ ಸಂಭವ ಎಷ್ಟೆಂದು ಅಳೆಯಲು ಮಿರೆಲ್ಸ್ ಎಂಬ ವೈದ್ಯರು 1989ರಲ್ಲಿ ಹಾಕಿಕೊಟ್ಟ ಲೆಕ್ಕವೊಂದಿದೆ. ಕ್ಯಾನ್ಸರ್ ಯಾವ ಮೂಳೆಯಲ್ಲಿ ಎಲ್ಲಿ ಕೂತಿದೆ, ಮೂಳೆಯ ಎಷ್ಟು ಅಗಲವನ್ನು ತಿಂದಿದೆ, ಮೂಳೆ ಕರಗಿದೆಯೇ ಗಡುಸಾಗಿದೆಯೇ, ನೋವು ಎಂಥದು ಎಂದು ನೋಡಿ ಒಂದೊಂದಕ್ಕೂ 1ರಿಂದ 3 ಅಂಕ. ಒಟ್ಟು 12ರಲ್ಲಿ 9 ಅಥವಾ ಹೆಚ್ಚು ಬಂದರೆ ಮುರಿಯುವ ಮೊದಲೇ ರಾಡ್ ಹಾಕಿ ಭದ್ರ ಮಾಡುವುದು ಮೇಲು. ಅತ್ತೆಗೆ 11 ಬಂದಿತ್ತು. ಹೆಜ್ಜೆ ಊರಿದಾಗಿನ ಆ ನೋವಿಗೇ 3 ಅಂಕ. ನಾನು ಎಣ್ಣೆ ತಿಕ್ಕಿದ ನೋವು ಅದು.

"ಹುಳು ಕೊರೆದ ಕಬ್ಬು ಅನ್ನಿ" ಎಂದರು ಅತ್ತೆ. "ಸಿಪ್ಪೆ ನೆಟ್ಟಗೇ ಇರುತ್ತದೆ, ಗಾಳಿ ಬೀಸಿದ ದಿನ ಗೊತ್ತಾಗುತ್ತದೆ." ವೈದ್ಯರು ತಲೆಯಾಡಿಸಿದರು. ಈ ಆಪರೇಷನ್‌ನಿಂದ ಕ್ಯಾನ್ಸರ್ ಹೋಗುವುದಿಲ್ಲ, ಇರುವಷ್ಟು ದಿನ ನಿಮ್ಮ ಕಾಲ ಮೇಲೆ ನೀವು ಓಡಾಡಲಿ ಎಂದು ಮಾಡುತ್ತೇವೆ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಅವರ ಆ ನೇರ ಮಾತಿಗೆ ನಾನು ಋಣಿ.

ಆ ಬೆಳಿಗ್ಗೆ ಅತ್ತೆ ನಡೆದದ್ದು ನಾಲ್ಕು ಹೆಜ್ಜೆ. ಮೊದಲು ವಾಕರ್, ಆಮೇಲೆ ಆಪರೇಷನ್ ಆದ ಕಾಲು, ಆಮೇಲೆ ಇನ್ನೊಂದು. ಹಣೆಯ ಬೆವರು ಮೂಗಿನ ತುದಿಗೆ ಇಳಿದಿತ್ತು. ಕಿಟಕಿಯವರೆಗೆ ಹೋಗಿ ನಿಂತು, "ನಮ್ಮ ಮನೆಗೆ ಜಗಲಿಯಿಂದ ಒಂದು ಮೆಟ್ಟಿಲು ಹತ್ತಬೇಕು. ಹೇಗೆ?" ಎಂದು ಕೇಳಿದರು. ಎತ್ತರ ಎಷ್ಟೆಂದರೆ ಗೇಣು ಅಗಲಿಸಿ ತೋರಿಸಿದರು. ಶೌಚಾಲಯದಲ್ಲಿ ಕುಕ್ಕರಗಾಲಲ್ಲಿ ಕೂರಬೇಕೇ, ಕೊಟ್ಟಿಗೆಯ ನೆಲ ಹೇಗಿದೆ ಎಂದೆಲ್ಲ ವಿಚಾರಿಸಿಕೊಂಡ ಆ ಹುಡುಗ, ಕಮೋಡ್ ಕುರ್ಚಿ ತರಿಸಲು ನನಗೆ ಹೇಳಿದರು. ಮುಂದಿನ ದಿನಗಳಲ್ಲಿ ಅಷ್ಟೇ ಎತ್ತರದ ಮರದ ಮಣೆಯಿಟ್ಟು ಹತ್ತಿಸಿ ಇಳಿಸಿದರು. ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು.

ಅತ್ತೆ ಅಲ್ಲೇ ನಿಂತರು. "ಗಟ್ಟಿ ಕಾಲು ಎಡದ್ದು. ಎಡಗಾಲಿಟ್ಟು ಮನೆಯೊಳಕ್ಕೆ ಹೋಗಲೇ?" ಮದುವೆಯಾಗಿ ಬಂದ ದಿನ ಬಲಗಾಲಿನಿಂದ ಸೇರು ಒದ್ದು ಒಳಗೆ ಬಂದವರು ಅವರು, ನನ್ನನ್ನೂ ಹಾಗೆಯೇ ಕರೆದುಕೊಂಡವರು. ಆ ಹುಡುಗನಿಗೆ ಉತ್ತರ ಹೊಳೆಯಲಿಲ್ಲ, ನನಗೂ.

ಹೊಲಿಗೆಯ ಗಾಯ ಮಾಗಿದ ಮೇಲೆ ತೊಡೆಗೆ ರೇಡಿಯೇಷನ್ ಆಯಿತು. ನಮ್ಮ ಊರಿನವರು ಅದನ್ನು ಕರೆಂಟ್ ಎನ್ನುತ್ತಾರೆ. ಮೂಳೆ ಗಟ್ಟಿಯಾಗಲು ಇಂಜೆಕ್ಷನ್ ಕೊಡುವ ಮೊದಲು ಹಲ್ಲಿನ ವೈದ್ಯರಿಗೆ ತೋರಿಸಿಕೊಂಡು ಬಂದೆವು.

ಎಲ್ಲ ಮುಗಿಸಿ ಊರಿಗೆ ಬಂದ ಸಂಜೆ ನಾದಿನಿ ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅತ್ತೆ ಜಗಲಿಯ ಮೇಲೆ ವಾಕರ್ ಊರಿ ಉಸಿರು ಬಿಟ್ಟರು. ಹಿಡಿದುಕೊಳ್ಳಲು ಮುಂದೆ ಹೋದ ನಾನು ಕೈ ಹಿಂದಕ್ಕೆ ತೆಗೆದುಕೊಂಡೆ.

"ಅವ್ವ, ಬಲಗಾಲು" ಎಂದಳು ನಾದಿನಿ.

"ಗಟ್ಟಿ ಕಾಲು ಮೊದಲು" ಎಂದು ಅತ್ತೆ ಹೊಸ್ತಿಲು ತುಳಿಯದಂತೆ ಎಡಗಾಲನ್ನು ಎತ್ತಿ ಒಳಗಿಟ್ಟರು.