ಚಿತ್ರದುರ್ಗದ ಬಚ್ಚಲಲ್ಲಿ ಸಿಕ್ಕ ಹಾವು

ಚಿತ್ರದುರ್ಗಕ್ಕೆ ಹೋಗಿದ್ದು ಕೋಟೆ ನೋಡಲು. ಓಬವ್ವನ ಕಿಂಡಿ, ಗೋಪಾಲಸ್ವಾಮಿ ಹೊಂಡ, ಹಿಡಿಂಬೇಶ್ವರ ಗುಡಿ ಎಲ್ಲ ನೋಡಿದೆವು. ಬಂಡೆಗೆ ಬಂಡೆ ಹೊಂದಿಸಿ ಗೋಡೆ ಎಬ್ಬಿಸಿದ ಜಾಣ್ಮೆ ನನಗೆ ಹಂಪಿಗಿಂತ ಜಾಸ್ತಿ ಹಿಡಿಸಿತು. ಆದರೆ ಮನಸ್ಸಿನಲ್ಲಿ ಉಳಿದಿದ್ದು ಆ ರಾತ್ರಿ ಲಾಡ್ಜಿನ ಬಚ್ಚಲಿಗೆ ಬಂದ ಹಾವು, ಆಮೇಲೆ ನಡೆದ ಮಾತು.

ಮೊಳದುದ್ದ ಇರಬಹುದು. ಕಂದು ಮೈ, ಬಿಳಿ ಪಟ್ಟೆ. ಲಾಡ್ಜಿನವರು ದೊಣ್ಣೆ ಹಿಡಿದೇ ಬಂದರು. "ಕಟ್ಟುಹಾವು ಸಾರ್, ಹೊಡೀಲೇಬೇಕು" ಎಂದರು. ನನ್ನ ಗೆಳೆಯ ಬಾಗಿಲಿಗೆ ಅಡ್ಡ ನಿಂತ. ಹಾವು ಹಿಡಿಯುವವರ ನಂಬರ್ ಅವರ ಹತ್ತಿರ ಇರಲಿಲ್ಲ, ಹುಡುಕುವ ಮನಸ್ಸೂ ಇರಲಿಲ್ಲ. ಗುಡ್ಡದ ಮಗ್ಗುಲಲ್ಲಿ ಲಾಡ್ಜ್ ನಡೆಸುವವರು ಹೀಗಿದ್ದರೆ ಹೇಗೆ? ನನಗೆ ಈಗಲೂ ಸಿಟ್ಟಿದೆ. ನೀವು ಹೋದರೆ ರೂಮು ಹಿಡಿಯುವ ಮೊದಲು ಬಾಗಿಲ ಕೆಳಗಿನ ಸಂದಿ ನೋಡಿ. ನೆಲದ ಮೇಲೆ ಮಲಗಬೇಡಿ. ಕಟ್ಟುಹಾವು ಮಲಗಿದವರನ್ನು ಕಚ್ಚುವುದೇ ಹೆಚ್ಚು, ಎಷ್ಟೋ ಸಲ ನೋವೇ ಗೊತ್ತಾಗುವುದಿಲ್ಲ. ಅನುಮಾನ ಬಂದರೂ ಸಾಕು, ಸೀದಾ ಆಸ್ಪತ್ರೆಗೆ ಹೋಗಿ.

ಕೊನೆಗೆ ಪಕ್ಕದ ಟೀ ಅಂಗಡಿಯವರು ಒಬ್ಬರನ್ನು ಕರೆಸಿದರು. ವಯಸ್ಸಾದವರು, ಮಾತು ಮೆತ್ತಗೆ. ಟಾರ್ಚ್ ಬಿಟ್ಟು ನೋಡಿ, "ತೋಳದ ಹಾವು. ವಿಷ ಇಲ್ಲ. ಹಲ್ಲಿ ತಿನ್ನೋಕೆ ಬಂದಿದೆ" ಎಂದರು. ನಮ್ಮನ್ನು ಹತ್ತಿರ ಕರೆದು ತೋರಿಸಿದರು. ಇದರ ಪಟ್ಟೆ ಕುತ್ತಿಗೆಯ ಹತ್ತಿರವೇ ದಟ್ಟ, ಬಾಲದ ಕಡೆ ಮಾಸುತ್ತದೆ. ಕಟ್ಟುಹಾವಿನದು ತಲೆಯಿಂದ ಸ್ವಲ್ಪ ಹಿಂದೆ ಶುರುವಾಗಿ ಬಾಲದವರೆಗೂ ಎದ್ದು ಕಾಣುತ್ತದೆ. ಅದರ ಬೆನ್ನ ನಡುವೆ ಆರು ಮೂಲೆಯ ದೊಡ್ಡ ಹುರುಪೆಗಳ ಸಾಲೂ ಇರುತ್ತದೆ.

ಆಗ ಗೆಳೆಯ ಫೋನ್ ತೆಗೆದ. ಅವನಿರುವುದು ಕ್ಯಾಲಿಫೋರ್ನಿಯಾದಲ್ಲಿ. ಮನೆಯಲ್ಲಿ ಒಂದು ಕಿಂಗ್‌ಸ್ನೇಕ್ ಸಾಕಿದ್ದಾನೆ, ನಮ್ಮ ಕಾಳಿಂಗ ಅಲ್ಲ, ಅಲ್ಲಿನದೇ ಬೇರೆ ಹಾವು. ಕಪ್ಪು ಮೈಗೆ ಬಿಳಿ ಪಟ್ಟೆ, ಅವನ ಮುಂಗೈ ಸುತ್ತಿಕೊಂಡಿದೆ. ಫೋಟೊ ನೋಡಿದ್ದೇ ಹಿರಿಯರ ಮುಖ ಬಿಗಿಯಿತು.

"ಏನ್ರೀ ಇದು, ಕಟ್ಟುಹಾವನ್ನ ಕೈಗೆ ಸುತ್ಕೊಂಡಿದ್ದೀರಾ?"

ಹಾವುಗಳ ಜೊತೆಯೇ ಬದುಕಿದವರೂ ಬೆಚ್ಚಿದರು. ನಮ್ಮ ಕಣ್ಣಿಗೆ ಆ ಪಟ್ಟೆ ಅಂದರೆ ಸಾವು. ಅಲ್ಲಿ ಅದೇ ಪಟ್ಟೆಯ ಹಾವಿಗೆ ವಿಷವೇ ಇಲ್ಲ. ಇಲಿ, ಹಲ್ಲಿ, ಹಕ್ಕಿಮೊಟ್ಟೆ ತಿನ್ನುತ್ತದೆ, ಬೇರೆ ಹಾವುಗಳನ್ನೂ ತಿನ್ನುತ್ತದೆ. ಬಾಲ ಅಲ್ಲಾಡಿಸಿ ಸದ್ದು ಮಾಡುವ ಅಲ್ಲಿನ ಬುಡುಬುಡಿಕೆ ಹಾವಿನ (ರ‍್ಯಾಟಲ್‌ಸ್ನೇಕ್) ವಿಷ ಅದಕ್ಕೆ ಅಷ್ಟಾಗಿ ತಟ್ಟುವುದಿಲ್ಲ. ಮೈ ಸುತ್ತಿ, ಬಿಗಿದು ಕೊಂದು ನುಂಗುತ್ತದೆ.

"ನಮ್ಮ ಕಟ್ಟುಹಾವೂ ಹಾವು ತಿನ್ನುತ್ತೆ" ಎಂದು ಹಿರಿಯರು ನಕ್ಕರು. ಆಮೇಲೆ ಕೇಳಿದರು, "ಸರಿ, ಸಾಕೋದು ಯಾಕೆ?"

ಗೆಳೆಯ ಪ್ರೀತಿಯಿಂದಲೇ ವಿವರಿಸಿದ. ಅದು ಕಾಡಿನಿಂದ ಹಿಡಿದದ್ದಲ್ಲ, ಸಾಕಿದ ಹಾವುಗಳ ಮರಿ. ಫ್ರೀಜರ್‌ನಲ್ಲಿಟ್ಟ ಇಲಿಯನ್ನು ಬೆಚ್ಚಗೆ ಮಾಡಿ ಕೊಡುತ್ತಾರೆ. ಚೆನ್ನಾಗಿ ನೋಡಿಕೊಂಡರೆ 20 ವರ್ಷ ಬದುಕಬಹುದು. ತನ್ನ ಜಾತಿಯನ್ನೇ ತಿನ್ನುವುದರಿಂದ ಒಂದು ಪೆಟ್ಟಿಗೆಗೆ ಒಂದೇ ಹಾವು. ಮುಚ್ಚಳಕ್ಕೆ ಬೀಗ ಬೇಕೇ ಬೇಕು.

"ತಪ್ಪಿಸ್ಕೊಂಡ್ರೆ?"

ಗೆಳೆಯ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಗ್ರಾನ್ ಕನೇರಿಯಾ ದ್ವೀಪದ ಕಥೆ ಹೇಳಿದ. ಸ್ಪೇನಿಗೆ ಸೇರಿದ ಆ ದ್ವೀಪದಲ್ಲಿ ಮೊದಲು ಹಾವೇ ಇರಲಿಲ್ಲ. ಸಾಕಲು ತಂದ ಕಿಂಗ್‌ಸ್ನೇಕ್‌ಗಳು ಹೊರಬಿದ್ದು ಕಾಡಲ್ಲೇ ಮರಿ ಮಾಡಿದವು. ಅವು ನೆಲೆಸಿದ ಕಡೆ ಅಲ್ಲಿನ ದೊಡ್ಡ ಹಲ್ಲಿಗಳು ಹೆಚ್ಚುಕಡಿಮೆ ಮಾಯವಾದವು. ಹಾವು ಅಂದರೇನು ಅಂತಲೇ ಗೊತ್ತಿಲ್ಲದ ಹಲ್ಲಿಗಳು, ಪಾಪ!

"ಹಾವಿನ ತಪ್ಪಲ್ಲ ಅದು" ಎಂದರು ಹಿರಿಯರು. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಇರುವುದರಿಂದ ಇಲ್ಲಿನ ಹಾವು ಸಾಕುವಂತಿಲ್ಲ. ಅದೇ ಸರಿ ಅನ್ನುವುದು ಅವರ ಮಾತು, ನನ್ನದೂ ಅದೇ. ಗೆಳೆಯ ಒಪ್ಪಲಿಲ್ಲ. ಕೈಯಲ್ಲಿ ಹಿಡಿದು ನೋಡಿದ್ದಕ್ಕೇ ತನ್ನ ಭಯ ಹೋಯಿತು, ಇಲ್ಲದಿದ್ದರೆ ಇವತ್ತು ದೊಣ್ಣೆಗೆ ಅಡ್ಡ ನಿಲ್ಲುತ್ತಿರಲಿಲ್ಲ ಎಂದ. ಆ ಮಾತಿಗೆ ನಮ್ಮಿಬ್ಬರ ಹತ್ತಿರವೂ ಉತ್ತರ ಇರಲಿಲ್ಲ.

ತೋಳದ ಹಾವನ್ನು ಲಾಡ್ಜಿನ ಹಿಂದಿನ ಕಲ್ಲುಗುಡ್ಡೆಯಲ್ಲಿ ಬಿಟ್ಟೆವು. ಹೊರಡುವಾಗ ಹಿರಿಯರು ಆ ಫೋಟೊ ಕಳಿಸಿ ಎಂದು ನಂಬರ್ ಕೊಟ್ಟರು. ಕಟ್ಟುಹಾವು, ತೋಳದ ಹಾವು, ಇದು, ಮೂರನ್ನೂ ಪಕ್ಕಪಕ್ಕ ಇಟ್ಟು ಶಾಲೆಯ ಮಕ್ಕಳಿಗೆ ತೋರಿಸುತ್ತಾರಂತೆ. ಗೆಳೆಯ ಅಲ್ಲೇ ನಿಂತು ಕಳಿಸಿದ.