ಕಣದ ಮೇಲೆ ಸೂರ್ಯನ ಬಳೆಗಳು

ಇವತ್ತು ಕಣದಲ್ಲಿ ಕಾಫಿ ಹರಡುವಾಗ 2019ರ ಡಿಸೆಂಬರ್ 26 ನೆನಪಾಯ್ತು. ಅವತ್ತು ಕೊಡಗಿನ ನಮ್ಮ ಕುಟ್ಟದಲ್ಲಿ ಕಂಕಣ ಸೂರ್ಯಗ್ರಹಣ, ಅಂದ್ರೆ ಚಂದ್ರ ಅಡ್ಡ ಬಂದು ಸೂರ್ಯನ ಅಂಚು ಮಾತ್ರ ಬಳೆಯಂತೆ ಕಾಣುವ ಗ್ರಹಣ. ಒಂಬತ್ತೂವರೆ ಹೊತ್ತಿಗೆ ಬಿಸಿಲು ಮಂಕಾಯ್ತು. ಗ್ರಹಣ ಅಂದ್ರೆ ಬಾಗಿಲು ಹಾಕಿ ಕೂರುತ್ತಿದ್ದ ಅಮ್ಮ ಹೊರಗೆ ಬಂದು ಜರಡಿ ಹಿಡಿದರು. ಒಂದೊಂದು ತೂತಿಗೂ ಒಂದೊಂದು ಬೆಳಕಿನ ಬಳೆ, ಕೆಂಪು ಹಣ್ಣುಗಳ ಮೇಲೆಲ್ಲಾ! ತೂತು ಚಿಕ್ಕದಿದ್ದರೆ ಸಾಕು, ಯಾವ ಆಕಾರದ್ದಾದರೂ ಕೆಳಗೆ ಬೀಳುವುದು ಸೂರ್ಯನ ಚಿತ್ರವೇ. ಅಮ್ಮ ಕೈ ನೋಯುವವರೆಗೂ ಜರಡಿ ಇಳಿಸಲಿಲ್ಲ.

ಇಂಥದ್ದನ್ನು ಜನರಿಗೆ ತಿಳಿಸುವುದಕ್ಕೇ ಬದುಕಿನ ಬಹುಪಾಲು ಕೊಟ್ಟವರು ಬಿ.ಎಸ್. ಶೈಲಜಾ. ನಕ್ಷತ್ರಗಳ ಬಗ್ಗೆ ಸಂಶೋಧನೆ ಮಾಡಿದವರು, ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯದ ನಿರ್ದೇಶಕರಾಗಿದ್ದವರು. ಕನ್ನಡದಲ್ಲೇ ಎಷ್ಟೊಂದು ಬರೆದಿದ್ದಾರೆ! ಹಿಂದಿನವರು ಗ್ರಹಣದ ದಿನ ಕೊಟ್ಟ ದಾನವನ್ನು ಕಲ್ಲಲ್ಲಿ ಕೆತ್ತಿಸುತ್ತಿದ್ದರಲ್ವಾ, ಆ ಶಾಸನಗಳಲ್ಲೂ ಆಕಾಶವನ್ನು ಹುಡುಕಿದವರು. ನನಗೆ ತುಂಬಾ ಇಷ್ಟವಾದದ್ದು ಜನರಿಗೆ ತಿಳಿಸುವ ಅವರ ಕೆಲಸವೇ. ಸಂಶೋಧನಾ ಪ್ರಬಂಧ ಬರೆಯುವುದಕ್ಕಿಂತ ಒಂದು ಮಗುವಿನ ಪ್ರಶ್ನೆಗೆ ಉತ್ತರ ಹೇಳುವುದು ಸಣ್ಣ ಕೆಲಸ ಅಂತ ನನಗೆ ಯಾವತ್ತೂ ಅನಿಸಿಲ್ಲ.

2027ರ ಆಗಸ್ಟ್ 2ರ ಸಂಜೆ ಮತ್ತೆ ಗ್ರಹಣ, ಇಲ್ಲಿಗೆ ಪಾರ್ಶ್ವ ಮಾತ್ರ. ಕೊಡಗಿನ ಆಗಸ್ಟ್ ಮಳೆ ಗೊತ್ತಲ್ಲ, ಮೋಡ ಬಿಡಬೇಕಷ್ಟೆ. ಅಮ್ಮ ಈಗಲೇ ಜರಡಿ ತೆಗೆದಿಟ್ಟಿದ್ದಾರೆ.